ಜನವರಿಯಲ್ಲಿ ಒಮಾನ್‌ನ ಜೆಬೆಲ್ ಶಮ್ಸ್ ಕಮರಿ ನಡಿಗೆ: ಮಲೆನಾಡಿನ ಅಭ್ಯಾಸದಲ್ಲಿ ಏನೇನು ಬದಲಾಗಬೇಕು?

ಗಿರಿಗದ್ದೆ, ಚಿಕ್ಕಮಗಳೂರು:
ಜನವರಿ ಮೂರನೇ ವಾರ ನಾವು ನಾಲ್ಕು ಜನ ಮಸ್ಕತ್‌ಗೆ ಹೊರಟಿದ್ದೇವೆ. ಅದರಲ್ಲಿ ಒಂದು ಇಡೀ ದಿನ ಜೆಬೆಲ್ ಶಮ್ಸ್ ಕಮರಿಯ ನಡಿಗೆಗೆ ಮೀಸಲು. ವಯಸ್ಸು 26ರಿಂದ 58. ಸರ್ಪದಾರಿ, ಎತ್ತಿನಭುಜ, ಬಲ್ಲಾಳರಾಯನ ದುರ್ಗ ಎಲ್ಲರಿಗೂ ರೂಢಿ. ಮರುಭೂಮಿಯ ಬೆಟ್ಟ ಮಾತ್ರ ಯಾರಿಗೂ ಗೊತ್ತಿಲ್ಲ. ಕಮರಿಯ ಅಂಚಿನ ದಾರಿ ಹಿಡಿಯಬೇಕೋ, ತಳದಲ್ಲಿ ನಡೆಯಬೇಕೋ? ನೀರು ಎಷ್ಟು? ಯಾವ ಶೂ? ಕಾರು ಎಂಥದ್ದು? ಚಳಿ ಹೇಗಿರುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿಜ್ವಾದಲ್ಲಿ ಹಾಸನದವ:
ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಜೆಬೆಲ್ ಶಮ್ಸ್ ಬೇರೆ, ಜೆಬೆಲ್ ಅಖ್ದರ್ ಬೇರೆ. ಎರಡೂ ಅಲ್ ಹಜರ್ ಪರ್ವತಸಾಲಿನವೇ, ಎರಡಕ್ಕೂ ನಿಜ್ವಾ ಕಡೆಯಿಂದಲೇ ಹೋಗಬೇಕು, ಅದಕ್ಕೇ ಜನ ಬೆರೆಸಿಬಿಡುತ್ತಾರೆ. ದಾಳಿಂಬೆ, ಗುಲಾಬಿ ಬೆಳೆಯುವುದು ಅಖ್ದರ್‌ನಲ್ಲಿ. ಬಿರ್ಕತ್ ಅಲ್ ಮೌಜ್ ಹತ್ತಿರ ಪೊಲೀಸರು ಕಾರು ತಡೆದು ನಾಲ್ಕು ಚಕ್ರಕ್ಕೂ ಎಳೆತ ಇದೆಯೇ ಎಂದು ನೋಡುವುದೂ ಆ ದಾರಿಯಲ್ಲೇ. ನಿಮಗೆ ಬೇಕಾದ ಕಮರಿ ಇರುವುದು ಶಮ್ಸ್‌ನಲ್ಲಿ, ಅಲ್ ಹಮ್ರಾ ದಾಟಿ, ಘೂಲ್ ಹಳ್ಳಿಯ ಮೇಲಿಂದ ಹತ್ತಬೇಕು.

ಶಮ್ಸ್‌ನಲ್ಲಿ ಮೂರು ನಡಿಗೆಗಳಿವೆ.

ಒಂದು, ಡಬ್ಲ್ಯೂ 6 ಎಂಬ ಸಂಖ್ಯೆಯ ದಾರಿ. ಇದನ್ನೇ ಬಾಲ್ಕನಿ ನಡಿಗೆ ಎನ್ನುತ್ತಾರೆ. ಅಲ್ ಖಿತೈಮ್ ಎಂಬ ಪುಟ್ಟ ಊರಿಂದ ಶುರುವಾಗಿ, ಕಮರಿಯ ಗೋಡೆಯ ನಡುಹಂತದಲ್ಲಿ ಸಾಗಿ, ಜನ ಬಿಟ್ಟುಹೋದ ಅಸ್ ಸಾಬ್ ಹಳ್ಳಿಯಲ್ಲಿ ಮುಗಿಯುತ್ತದೆ. ಒಂದು ಕಡೆಗೆ ಸುಮಾರು 4 ಕಿ.ಮೀ. ಫೋಟೊಗೆ ನಿಲ್ಲುತ್ತಾ ಹೋದರೆ ಎರಡು ಗಂಟೆ. ಹಿಂದೆ ಕತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ ದಾರಿ, ಹೆಚ್ಚಿನ ಕಡೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲವಿದೆ. ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟಿ ಬಳಿದಿರುತ್ತಾರೆ. ಐದು ನಿಮಿಷ ನಡೆದರೂ ಪಟ್ಟಿ ಕಾಣದಿದ್ದರೆ ಮೇಕೆ ದಾರಿ ಹಿಡಿದಿದ್ದೀರಿ ಎಂದರ್ಥ. ಮುಂದೆ ಹುಡುಕಬೇಡಿ, ಕೊನೆಯ ಪಟ್ಟಿ ಇದ್ದಲ್ಲಿಗೆ ವಾಪಸ್ ಬನ್ನಿ.

ಎರಡು, ಡಬ್ಲ್ಯೂ 4. ಇದು ದಕ್ಷಿಣ ಶಿಖರಕ್ಕೆ. ಎತ್ತರ 3000 ಮೀಟರ್‌ಗೆ ಹತ್ತಿರ, ಏರಿಕೆಯೇ ಸಾವಿರ ಮೀಟರ್‌ನಷ್ಟಿದೆ. ಹೋಗಿಬರಲು 8ರಿಂದ 10 ಗಂಟೆ ಬೇಕು. ಮುಖ್ಯ ಶಿಖರ ಸೇನೆಯ ವಶದಲ್ಲಿದೆ, ಅಲ್ಲಿಗೆ ಬಿಡುವುದಿಲ್ಲ. ಜನವರಿಯ ಗಿಡ್ಡ ಹಗಲಿನಲ್ಲಿ, ಮೊದಲ ಸಲ ಹೋಗುವವರಿಗೆ ಇದು ಬೇಡ.

ಮೂರು, ಘೂಲ್‌ನಿಂದ ವಾದಿ ಅನ್ ನಖ್ರ್ (ವಾದಿ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆ) ತಳದಲ್ಲಿ, ಒಣ ಹೊಳೆಯ ಪಾತ್ರದಲ್ಲೇ ಒಳಗೆ ನಡೆಯುವುದು. ತಲೆಯೆತ್ತಿ ನೋಡಿದರೆ ಸಾವಿರ ಮೀಟರ್ ಗೋಡೆ. ಚೆನ್ನಾಗಿರುತ್ತದೆ, ಆದರೆ ಮಳೆಯ ಸುಳಿವಿದ್ದ ದಿನ ಅದು ಕಾಲಿಡುವ ಜಾಗವಲ್ಲ.

ನಿಮ್ಮ ನಾಲ್ವರಿಗೆ ಡಬ್ಲ್ಯೂ 6 ಸರಿ. ಆದರೆ ಸಲೀಸು ಎಂದುಕೊಳ್ಳಬೇಡಿ. ಮುಳ್ಳಯ್ಯನಗಿರಿಯಲ್ಲಿ ಮೊದಲು ಹತ್ತುತ್ತೀರಿ, ಸುಸ್ತಾದರೆ ತಿರುಗಿ ಇಳಿಯುತ್ತೀರಿ. ಇಲ್ಲಿ ತಿರುಗುಮುರುಗು. ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಏರು. ಕಾಲು ಹಗುರವಿದೆ ಅನ್ನಿಸುವಾಗಲೇ ಹಿಂತಿರುಗುವ ಲೆಕ್ಕ ಹಾಕಿರಬೇಕು.

ಕಾಡುಹಾದಿ, ಮೂಡಿಗೆರೆ:
ನೀರಿನ ವಿಷಯ ನಾನು ಬರೆಯುತ್ತೇನೆ. ಮಲೆನಾಡಿನವರು ಎಡವುವುದು ಇಲ್ಲೇ.

ನಮ್ಮ ಗುಡ್ಡಗಳಲ್ಲಿ ಒಂದು ಲೀಟರ್ ಬಾಟಲಿ ಹಿಡಿದು ಹೊರಟರೂ ದಾರಿಯಲ್ಲಿ ಒರತೆ ಸಿಗುತ್ತದೆ, ಶೋಲಾ ಕಾಡಿನೊಳಗೆ ಝರಿ ಹರಿಯುತ್ತದೆ, ಕೊನೆಗೆ ಯಾವುದಾದರೂ ತೋಟದ ಮನೆಯಲ್ಲಿ ಕೇಳಿದರೆ ಮಜ್ಜಿಗೆಯನ್ನೇ ಕೊಡುತ್ತಾರೆ. ಅಲ್ಲಿ ಹೊತ್ತದ್ದು ಬಿಟ್ಟರೆ ಹನಿ ನೀರಿಲ್ಲ. ಅಸ್ ಸಾಬ್ ಹಳ್ಳಿಯ ಮೇಲೆ ಬಂಡೆಯ ಮರೆಯಲ್ಲಿ ಒಂದು ಹೊಂಡ ಇರುವುದು ನಿಜ, ಆದರೆ ನಿಂತ ನೀರು, ಮೇಕೆಗಳು ಓಡಾಡುವ ಜಾಗ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಚಳಿಗಾಲದಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರ್, ಬಿಸಿಲಿನ ಏರಿನಲ್ಲಿ ಮುಕ್ಕಾಲು. ಊಟ, ವಿಶ್ರಾಂತಿ ಸೇರಿ ಐದು ಗಂಟೆ ಎಂದರೆ ಒಬ್ಬರಿಗೆ ಮೂರು ಲೀಟರ್. ಅದರ ಮೇಲೆ ಒಂದು ಲೀಟರ್ ಮುಟ್ಟದ ನೀರು, ಕಾರಿಗೆ ಮರಳುವವರೆಗೂ ಮುಚ್ಚಳ ತೆರೆಯದ ಬಾಟಲಿ. ಕಾಲು ಉಳುಕಿ ಮೂರು ಗಂಟೆ ಕೂತಲ್ಲೇ ಕೂರಬೇಕಾಗಿ ಬಂದರೆ ಅದೇ ದಿಕ್ಕು. ಒಟ್ಟು ನಾಲ್ಕು ಲೀಟರ್, ನಾಲ್ಕು ಕೆ.ಜಿ. ಕಾರಿನಲ್ಲಿ ಬೇರೆಯೇ ಹತ್ತು ಲೀಟರ್ ಕ್ಯಾನ್ ಇರಲಿ.

ಎಲ್ಲವನ್ನೂ ಕೊಳವೆಯಿಂದ ಹೀರುವ ಒಂದೇ ನೀರಿನ ಚೀಲದಲ್ಲಿ ತುಂಬಬೇಡಿ. ಒಂದು ಲೀಟರಿನ ನಾಲ್ಕು ಬಾಟಲಿ ಒಳ್ಳೆಯದು. ಚೀಲ ಬಂಡೆಗೆ ಉಜ್ಜಿ ಒಡೆದರೆ ಇಡೀ ದಿನದ ನೀರು ಒಂದೇ ಕ್ಷಣದಲ್ಲಿ ಹೋಗುತ್ತದೆ. ಅದಕ್ಕಿಂತ ಮುಖ್ಯ, ಚೀಲದಲ್ಲಿ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಬಾಟಲಿಯಾದರೆ ಲೆಕ್ಕ ಸುಲಭ: ಕುಡಿಯುವ ಮೂರರಲ್ಲಿ ಮೊದಲನೆಯದು ಖಾಲಿಯಾದಾಗ ಎಲ್ಲಿದ್ದೀರೋ ಅಲ್ಲಿಂದ ಹಿಂದಕ್ಕೆ. ಹಳ್ಳಿ ಇನ್ನೂ ಅರ್ಧ ಕಿ.ಮೀ. ಇದ್ದರೂ ಅಷ್ಟೇ. ಗುಂಪಿನಲ್ಲಿ ಯಾರ ಬಾಟಲಿ ಮೊದಲು ಖಾಲಿಯಾಗುತ್ತದೋ ಅವರ ಲೆಕ್ಕವೇ ಎಲ್ಲರ ಲೆಕ್ಕ.

ಉಪ್ಪುಸಕ್ಕರೆ, ಹಾಸನ:
ವೈದ್ಯಕೀಯ ದೃಷ್ಟಿಯಿಂದ ಸ್ವಲ್ಪ ಸೇರಿಸುತ್ತೇನೆ.

ನಮ್ಮಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಬೆವರು ಮೈಮೇಲೆ ನಿಲ್ಲುತ್ತದೆ, ಅಂಗಿ ಒದ್ದೆಯಾಗುತ್ತದೆ, ದಣಿವು ಗೊತ್ತಾಗುತ್ತದೆ. ಒಣ ಗಾಳಿಯಲ್ಲಿ ಬೆವರು ಚರ್ಮಕ್ಕೆ ಬರುವಷ್ಟರಲ್ಲೇ ಆರಿಹೋಗುತ್ತದೆ. ಜೊತೆಗೆ ಚಳಿ ಬಾಯಾರಿಕೆಯನ್ನು ಮರೆಸುತ್ತದೆ. 'ಬೆವರೇ ಬಂದಿಲ್ಲ, ನೀರು ಯಾಕೆ' ಎಂದು ಎರಡು ಗಂಟೆ ನಡೆದವರಿಗೆ ಆಮೇಲೆ ತಲೆನೋವು, ಸಿಡಿಮಿಡಿ, ಮೀನಖಂಡದ ಸೆಳೆತ ಶುರುವಾಗುತ್ತದೆ. ಆದ್ದರಿಂದ ಬಾಯಾರಿಕೆಗೆ ಕಾಯಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಮೂತ್ರದ ಬಣ್ಣ ನೋಡಿಕೊಳ್ಳಿ: ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ.

ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಸರಿಯಲ್ಲ. ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ವಾಕರಿಕೆ, ಗೊಂದಲ ಬರುತ್ತದೆ. ನಾಲ್ಕರಲ್ಲಿ ಒಂದು ಬಾಟಲಿಗೆ ಒಆರ್‌ಎಸ್ ಹಾಕಿ. ಒಂದು ಲೀಟರಿನ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು, ಅರ್ಧ ಲೀಟರಿಗೆ ಪೂರ್ತಿ ಪೊಟ್ಟಣ ಸುರಿಯಬಾರದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಅಳತೆ ಮೀರಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ.

ತುಟಿ ಒಡೆಯುವುದು, ಮೂಗಿನೊಳಗೆ ಒಣಗಿ ರಕ್ತ ಒಸರುವುದು ಸಾಮಾನ್ಯ. ಮೂಗಿನ ಒಳಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿ. 58ರವರಿಗೆ ಬಿ.ಪಿ. ಮಾತ್ರೆ ಇದ್ದರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ, ಹೊರಡುವ ಮೊದಲೇ ತಮ್ಮ ವೈದ್ಯರ ಹತ್ತಿರ ಈ ನಡಿಗೆಯ ವಿಷಯ ಹೇಳಿ ಕೇಳಿಕೊಳ್ಳಲಿ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ.

ಗಿರಿಗದ್ದೆ, ಚಿಕ್ಕಮಗಳೂರು:
ತುಂಬಾ ಉಪಕಾರವಾಯಿತು ಮೇಡಂ. ಬಿ.ಪಿ. ಮಾತ್ರೆ ಇದೆ, ಕೇಳಿಸುತ್ತೇನೆ. ಶೂ ಬಗ್ಗೆ ಯಾರಾದರೂ? ನಮ್ಮಲ್ಲಿ ಇಬ್ಬರದ್ದು ಮಳೆಗಾಲಕ್ಕೆ ಕೊಂಡ, ಮುಳ್ಳುಮುಳ್ಳು ಅಡಿಯ ಶೂ.

ಬಳಪದಕಲ್ಲು, ಬೇಲೂರು:
ಶೂ ಮಾತಿಗೆ ಮೊದಲು ಕಲ್ಲಿನ ಮಾತು, ಯಾಕೆಂದರೆ ಅಡಿ ಯಾವುದು ಬೇಕೆಂದು ತೀರ್ಮಾನಿಸುವುದು ಕಲ್ಲೇ.

ಬಾಬಾಬುಡನ್ ಗಿರಿಸಾಲಿನಲ್ಲಿ ಕಬ್ಬಿಣದ ಅದಿರಿನ ಪಟ್ಟಿಗಳು, ಪದರಗಲ್ಲು, ಅದರ ಮೇಲೆ ಹುಲ್ಲು, ಮಣ್ಣು. ಕಾಲಿಟ್ಟರೆ ಮೆತ್ತಗೆ ಹೂತುಕೊಳ್ಳುತ್ತದೆ. ಮಳೆಗಾಲದ ಶೂವಿನ ಆಳ ಗುಬ್ಬಿಗಳ (ಉಬ್ಬುಗಳ) ಅಡಿ ಆ ಮಣ್ಣಿಗೆ ಹೇಳಿ ಮಾಡಿಸಿದ್ದು. ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಕಡೆ ಕಣಶಿಲೆ, ಒಣಗಿದ್ದರೆ ಬರಿಗಾಲಿಗೂ ಹಿಡಿತ ಕೊಡುತ್ತದೆ. ಜೆಬೆಲ್ ಶಮ್ಸ್ ಈ ಎರಡೂ ಅಲ್ಲ, ಸುಣ್ಣಕಲ್ಲು. ಪ್ರಾಚೀನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಆಮೇಲೆ ಮೇಲೆದ್ದದ್ದು, ಕಣ್ಣಿಟ್ಟು ನೋಡಿದರೆ ಚಿಪ್ಪುಗಳ ಪಳೆಯುಳಿಕೆ ಸಿಗುತ್ತದೆ. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆಯುವುದರಿಂದ ಬಿಡಿ ಬಂಡೆಗಳ ಮೈ ತೆಂಗಿನಕಾಯಿ ತುರಿಯುವ ಮಣೆ ಹಾಗಿರುತ್ತದೆ. ಬಿದ್ದು ಅಂಗೈ ಊರಿದರೆ ಚರ್ಮ ಕಿತ್ತು ಬರುತ್ತದೆ. ಆದರೆ ಅದೇ ಕಲ್ಲು, ಜನ ಮತ್ತೆ ಮತ್ತೆ ತುಳಿದ ದಾರಿಯಲ್ಲಿ ನುಣುಪಾಗಿ ಹೊಳಪು ಹತ್ತಿರುತ್ತದೆ. ಅದರ ಮೇಲೆ ಸಣ್ಣ ಜಲ್ಲಿ ಹರಡಿದ್ದರೆ ಗೋಲಿಗಳ ಮೇಲೆ ಕಾಲಿಟ್ಟಂತೆಯೇ, ಜಾರಿ ಬೀಳುವವರು ಬಹುಪಾಲು ಇಂಥ ಕಡೆಯೇ.

ಹಾಗಾಗಿ ಬೇಕಾದ್ದು: ಅಗಲ, ಚಪ್ಪಟೆ ಗುಬ್ಬಿಗಳ ರಬ್ಬರ್ ಅಡಿ, ಬೆರಳಿನ ಮುಂದೆ ಗಟ್ಟಿ ಹೊದಿಕೆ, ಕಲ್ಲಿನ ಮೊನೆ ಅಂಗಾಲಿಗೆ ಚುಚ್ಚದಷ್ಟು ದಪ್ಪ. ಎರಡೂ ತುದಿ ಹಿಡಿದು ಶೂ ಬಗ್ಗಿಸಿದಾಗ ಬೆರಳಿನ ಹತ್ತಿರ ಮಾತ್ರ ಬಾಗಬೇಕು, ನಡುವೆ ಮಡಚಬಾರದು. ನಿಮ್ಮ ಮಳೆಗಾಲದ ಶೂ ಗಟ್ಟಿ ಕಲ್ಲಿನ ಮೇಲೆ ಗುಬ್ಬಿಯ ತುದಿಯಲ್ಲಷ್ಟೇ ನಿಲ್ಲುತ್ತದೆ, ಹಿಡಿತ ಕಡಿಮೆ, ಸವೆತ ಜೋರು. ಹಳೇ ಶೂ ಆದರೆ ಅಡಿಯ ಅಂಟು ನೋಡಿ. ವರ್ಷಗಟ್ಟಲೆ ಅಟ್ಟದಲ್ಲಿ ಒದ್ದೆ ಹವೆಯಲ್ಲಿದ್ದ ಶೂವಿನ ಅಡಿ ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ. ಹೊಸದು ಕೊಂಡರೆ ಕನಿಷ್ಠ 30 ಕಿ.ಮೀ. ಇಲ್ಲೇ ನಡೆದು ಪಳಗಿಸಿ. ಕಾಲುಗುರು ಎರಡು ದಿನ ಮೊದಲೇ ಕತ್ತರಿಸಿ. ಜಿಗಣೆ ಕಾಲ್ಚೀಲ, ನಶ್ಯದ ಪುಡಿ ಮನೆಯಲ್ಲೇ ಇರಲಿ.

ಕೋಲುಗಾರ, ಸಕಲೇಶಪುರ:
ಊರುಗೋಲು ಕಡ್ಡಾಯ ಎನ್ನುತ್ತೇನೆ. ಇಳಿಜಾರಿನಲ್ಲಿ ಮಂಡಿಗೆ ಬೀಳುವ ಭಾರ ಕಡಿಮೆಯಾಗುತ್ತದೆ, ಜಲ್ಲಿಯ ಮೇಲೆ ಮೂರನೇ ಕಾಲಾಗುತ್ತದೆ.

ನಿಜ್ವಾದಲ್ಲಿ ಹಾಸನದವ:
ಅಣ್ಣ, ಒಂದು ಕೋಲಿಗೆ ಒಪ್ಪಿಗೆ, ಎರಡಕ್ಕೆ ಇಲ್ಲ. ಬಾಲ್ಕನಿಯಲ್ಲಿ ಕೆಲವು ಕಡೆ ದಾರಿ ಕಿರಿದಾಗುತ್ತದೆ, ಗೋಡೆಗೆ ಕೈಯಾನಿಸಿ ಹೋಗಬೇಕಾಗುತ್ತದೆ. ಎರಡೂ ಕೈಯಲ್ಲಿ ಕೋಲಿದ್ದರೆ ಕಷ್ಟ. ಪ್ರಪಾತದ ಕಡೆ ಊರಿದ ಕೋಲಿನ ಕೆಳಗೆ ಕಲ್ಲು ಜಾರಿದರೆ ಮೈಭಾರ ಆ ಕಡೆಗೇ ವಾಲುತ್ತದೆ. ಕೋಲು ಗೋಡೆಯ ಕಡೆಯ ಕೈಯಲ್ಲಿರಲಿ, ಅದರ ಪಟ್ಟಿಗೆ ಮಣಿಕಟ್ಟು ತೂರಿಸಬೇಡಿ. ಹಿಂತಿರುಗುವಾಗ ಕೈ ಬದಲಿಸಿ.

ಕೋಲುಗಾರ, ಸಕಲೇಶಪುರ:
ಸರಿ, ಅಂಚಿನ ದಾರಿಗೆ ನಿಮ್ಮ ಮಾತೇ ಸರಿ. ಮಡಚುವ ಕೋಲಾಗಿದ್ದರೆ ಕಿರಿದಾದಲ್ಲಿ ಚೀಲಕ್ಕೆ ಸೇರಿಸಬಹುದು. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿ.

ನಿಜ್ವಾದಲ್ಲಿ ಹಾಸನದವ:
ಅಂಚಿನ ಬಗ್ಗೆ ಇನ್ನಷ್ಟು. ಕಮರಿಯಿಂದ ಮೇಲಕ್ಕೆ ಬೀಸುವ ಗಾಳಿ ಒಮ್ಮೊಮ್ಮೆ ಜೋರಾಗಿ ತಳ್ಳುತ್ತದೆ. ಟೋಪಿಗೆ ಗಲ್ಲದ ಪಟ್ಟಿ ಇರಬೇಕು, ಹಾರಿದ ಟೋಪಿ ಹಿಡಿಯಲು ಯಾರೂ ಕೈ ಚಾಚಬಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಚೀಲ ಹೊತ್ತು ತಿರುಗುವಾಗ ಚೀಲ ಗೋಡೆಗೆ ಬಡಿದು ನಿಮ್ಮನ್ನು ಹೊರಕ್ಕೆ ತಳ್ಳುತ್ತದೆ, ಆದ್ದರಿಂದ ಹೊರಗೆ ಏನನ್ನೂ ನೇತುಹಾಕಬೇಡಿ. ಎದುರಿನಿಂದ ಜನ ಬಂದರೆ ಗೋಡೆಯ ಕಡೆ ಒರಗಿ ನಿಲ್ಲಿ, ಅವರನ್ನು ಹೊರಗಡೆಯಿಂದ ಹೋಗಲು ಬಿಡಿ. ನಡೆಯುವಾಗ ನೋಟ ಬೇಡ, ನೋಡುವಾಗ ನಡಿಗೆ ಬೇಡ. ಫೋನ್ ತೆಗೆದರೆ ಎರಡೂ ಕಾಲು ನಿಲ್ಲಬೇಕು. ಎತ್ತರ ಕಂಡರೆ ತಲೆ ತಿರುಗುವವರು ಮೊದಲ ಕಾಲು ಗಂಟೆಯಲ್ಲೇ ತಿಳಿದುಕೊಳ್ಳುತ್ತಾರೆ. ಅವರನ್ನು ಒತ್ತಾಯ ಮಾಡಿ ಎಳೆದೊಯ್ಯಬೇಡಿ, ಒಬ್ಬರು ಜೊತೆಯಾಗಿ ವಾಪಸ್ ಬರಲಿ.

ಕಲ್ಲು ಉರುಳಿಸಿ ಶಬ್ದ ಕೇಳುವ ಆಟ ಖಂಡಿತ ಬೇಡ. ತಳದಲ್ಲಿ ಜನ ನಡೆಯುತ್ತಿರುತ್ತಾರೆ. ಮೇಲಿನಿಂದ ಮೇಕೆಗಳೂ ಕಲ್ಲು ಬೀಳಿಸುತ್ತವೆ, ಹಾಗಾಗಿ ಗೋಡೆ ಮುಂದಕ್ಕೆ ಚಾಚಿದ ಕಡೆ, ನೆಲದಲ್ಲಿ ಹೊಸದಾಗಿ ಒಡೆದ ಬಿಳಿ ಚೂರುಗಳಿಲ್ಲದ ಜಾಗ ನೋಡಿ ಕೂರಿ.

ತೊರೆಕಾವಲು, ಕಳಸ:
ತಳದ ನಡಿಗೆ ಪೂರ್ತಿ ಬಿಟ್ಟಿಲ್ಲ ಅನ್ನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಭದ್ರಾ, ಹೇಮಾವತಿ ನೋಡಿ ಬೆಳೆದವರಿಗೆ ಹೊಳೆ ಏರುವುದು ಗೊತ್ತು. ಮಳೆ ಹಿಡಿದು, ನೆಲ ನೆನೆದು, ನೀರು ಬಣ್ಣ ತಿರುಗಿ, ನಿಧಾನ ಏರುತ್ತದೆ. ಶೋಲಾ ಕಾಡು, ಹುಲ್ಲಿನ ಬೇರು, ದಪ್ಪ ಮಣ್ಣು ಮೊದಲು ಕುಡಿದು ಆಮೇಲೆ ಬಿಡುತ್ತವೆ. ಅಲ್ ಹಜರ್‌ನಲ್ಲಿ ಕುಡಿಯುವ ಮಣ್ಣೇ ಇಲ್ಲ. ಬೋಳು ಸುಣ್ಣಕಲ್ಲಿನ ಮೇಲೆ ಬಿದ್ದ ಮಳೆ ಅಷ್ಟಕ್ಕಷ್ಟೂ ಇಳಿಜಾರು ಹಿಡಿದು, ಹತ್ತಾರು ಸೀಳುಗಳಿಂದ ಒಂದೇ ಕಮರಿಗೆ ಬಂದು ಸೇರುತ್ತದೆ. ನಿಮ್ಮ ನೆತ್ತಿಯ ಮೇಲೆ ನೀಲಿ ಆಕಾಶವಿದ್ದರೂ, ಮೇಲಿನ ಜಲಾನಯನದಲ್ಲಿ ಅರ್ಧ ಗಂಟೆ ಸುರಿದರೆ ಸಾಕು. ಕಿರಿದಾದ ಕಮರಿಯಲ್ಲಿ ನೀರು ಅಗಲಕ್ಕೆ ಹರಡಲಾರದೆ ಎತ್ತರಕ್ಕೆ ಏರುತ್ತದೆ, ಬಂಡೆ, ಮರದ ಬೊಡ್ಡೆ ಎಲ್ಲವನ್ನೂ ಹೊತ್ತು ಬರುತ್ತದೆ.

'ಚಳಿಗಾಲ ತಾನೇ, ಮಳೆಯೆಲ್ಲಿ' ಎನ್ನುವುದು ನಮ್ಮೂರಿನ ಲೆಕ್ಕ. ಉತ್ತರ ಒಮಾನ್‌ನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಭಾರ ಕುಸಿತಗಳೇ ಮಳೆ ತರುವುದು. ಅಂದರೆ ನೀವು ಹೋಗುವ ತಿಂಗಳು ಮಳೆ ಬರಬಹುದಾದ ತಿಂಗಳು. ಬೇರೆ ತಿಂಗಳಲ್ಲೂ ನಂಬಿಕೆಯಿಲ್ಲ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಬಳಿ ಶಾಲಾ ಮಕ್ಕಳಿದ್ದ ವಾಹನವೇ ವಾದಿಯ ಪ್ರವಾಹಕ್ಕೆ ಸಿಕ್ಕಿ ಮಕ್ಕಳು ತೀರಿಕೊಂಡರು.

ತಳಕ್ಕೆ ಇಳಿಯುವ ಮುನ್ನ: ಹಿಂದಿನ ದಿನ ಮತ್ತು ಅಂದು ಬೆಳಗ್ಗೆ ಒಮಾನ್ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಇಡೀ ಹಜರ್ ಸಾಲಿನದ್ದು, ನಿಮ್ಮ ಊರಿನದ್ದಷ್ಟೇ ಅಲ್ಲ. ಮಳೆ ಎಂದಿದ್ದರೆ ಬೇಡವೇ ಬೇಡ. ಒಳಗೆ ಹೋದಮೇಲೆ ಗೋಡೆಯಲ್ಲಿ ಹಳೆಯ ನೀರಿನ ಗುರುತು ಹುಡುಕುತ್ತಾ ಇರಿ. ಪೊದೆಗಳಲ್ಲಿ ಸಿಕ್ಕಿಕೊಂಡ ಕಡ್ಡಿ ಕಸ, ಒಣಗಿದ ಕೆಸರಿನ ಗೆರೆ ಎಷ್ಟೆತ್ತರದಲ್ಲಿದೆಯೋ ನೀರು ಅಲ್ಲಿಗೆ ಬಂದಿತ್ತು. ಅದಕ್ಕಿಂತ ಮೇಲೆ ಹತ್ತಬಲ್ಲ ಜಾಗ ಎಲ್ಲಿದೆ ಎಂದು ಪ್ರತಿ ತಿರುವಿನಲ್ಲೂ ಗುರುತಿಟ್ಟುಕೊಳ್ಳಿ. ತಿಳಿನೀರು ಕದಡಿದರೆ, ಕಸ ತೇಲಿ ಬಂದರೆ, ಮೇಲಿನಿಂದ ಗುಡುಗಿನಂಥ ನಿಲ್ಲದ ಸದ್ದು ಕೇಳಿದರೆ ಹೊರಗೆ ಓಡಬೇಡಿ, ಪಕ್ಕಕ್ಕೆ ಹತ್ತಿ. ನೀರಿನ ಜೊತೆ ಓಡಿ ಗೆದ್ದವರಿಲ್ಲ. ಚೀಲ ಬಿಟ್ಟರೂ ಚಿಂತೆಯಿಲ್ಲ. ಹತ್ತಿದ ಮೇಲೆ ನೀರು ಪೂರ್ತಿ ಇಳಿಯುವವರೆಗೆ ಅಲ್ಲೇ ಇರಿ, ಮೊದಲನೆಯದರ ಹಿಂದೆ ಇನ್ನೊಂದು ಅಲೆ ಬರಬಹುದು.

ಹರಿಯುವ ವಾದಿಗೆ ಕಾರು ಇಳಿಸುವುದು ಅಲ್ಲಿ ಕಾನೂನು ಪ್ರಕಾರವೇ ಅಪರಾಧ. ರಸ್ತೆಯಂಚಿನ ಕೆಂಪು ಬಿಳಿ ಕಂಬಗಳಲ್ಲಿ ನೀರು ಕೆಂಪನ್ನು ಮುಟ್ಟಿದ್ದರಂತೂ ಯೋಚನೆಯೇ ಬೇಡ.

ಕಂಬಳಿ, ಕೊಟ್ಟಿಗೆಹಾರ:
ಚಳಿಯ ಬಗ್ಗೆ ನನ್ನ ಪಾಲು. ಅಲ್ ಖಿತೈಮ್ ಇರುವುದು ಸುಮಾರು 1900 ಮೀಟರ್, ನಮ್ಮ ಮುಳ್ಳಯ್ಯನಗಿರಿ 1930. ಎತ್ತರ ಒಂದೇ ಆದರೂ ಹವೆ ಒಂದೇ ಅಲ್ಲ. ನಮ್ಮಲ್ಲಿ ಮಂಜು, ಮೋಡ ರಾತ್ರಿಯ ಬಿಸಿಯನ್ನು ಹಿಡಿದಿಡುತ್ತವೆ. ಅಲ್ಲಿ ಒಣ ಆಕಾಶ, ಹೊತ್ತು ಮುಳುಗಿದ ಕೂಡಲೇ ಬಂಡೆಯ ಬಿಸಿ ಹಾರಿಹೋಗುತ್ತದೆ. ಜನವರಿ ರಾತ್ರಿ ಆ ಪ್ರಸ್ಥಭೂಮಿಯಲ್ಲಿ ಸೊನ್ನೆಯ ಹತ್ತಿರ ಇಳಿಯುವುದುಂಟು. ಮಸ್ಕತ್‌ನಲ್ಲಿ ಮಧ್ಯಾಹ್ನ 25 ಡಿಗ್ರಿ ಕಂಡು ಅರ್ಧ ತೋಳಿನಲ್ಲಿ ಹೊರಟವರು ಮೇಲೆ ನಡುಗುತ್ತಾರೆ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಕಡಿಮೆಯಾಗುವುದು ಸಾಮಾನ್ಯ ಲೆಕ್ಕ, ಗಾಳಿಯದ್ದು ಅದಕ್ಕಿಂತ ಹೆಚ್ಚು.

ಮೂರು ಪದರ ಸಾಕು. ಒಳಗೆ ಬೇಗ ಆರುವ ಉದ್ದ ತೋಳಿನ ಅಂಗಿ, ನಡುವೆ ತೆಳು ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಮಳೆ ಜಾಕೆಟ್ಟೇ ಇದಕ್ಕೆ ಆಗುತ್ತದೆ. ಕಮರಿಯಲ್ಲಿ ನೆರಳಿನ ಗೋಡೆಗೂ ಬಿಸಿಲಿನ ಗೋಡೆಗೂ ಅಜಗಜಾಂತರ, ತಿರುವು ದಾಟಿದರೆ ಬೇರೆ ಋತು. ಹತ್ತುವ ಮುನ್ನ ಒಂದು ಪದರ ತೆಗೆಯಿರಿ, ನಿಂತ ಕೂಡಲೇ ಹಾಕಿ. ಹತ್ತಿ ಅಂಗಿ ಬೆವರಿನಲ್ಲಿ ನೆನೆದು ನೆರಳಿಗೆ ಬಂದರೆ ಬೆನ್ನು ಕೊರೆಯುತ್ತದೆ. ಬೆನ್ನಿನ ಕಡೆ ಚೀಲ ಇರುವುದರಿಂದ ಒಣ ಹವೆಯಲ್ಲೂ ಅಲ್ಲಿ ಆರುವುದಿಲ್ಲ.

ಬಿಸಿಲು ತಂಪಾಗಿದೆ ಅನ್ನಿಸಿದರೂ ಸುಡುತ್ತದೆ. ಎತ್ತರ ಹೆಚ್ಚಿದಂತೆ ಅತಿನೇರಳೆ ಕಿರಣವೂ ಹೆಚ್ಚು, ಬಿಳಿ ಕಲ್ಲು ಕೆಳಗಿನಿಂದಲೂ ಹೊಡೆಯುತ್ತದೆ. ಗಲ್ಲದ ಅಡಿಗೂ, ಕಿವಿಗೂ ಕ್ರೀಮು ಹಚ್ಚಿ. ಕಪ್ಪು ಕನ್ನಡಕ ಬೇಕೇ ಬೇಕು.

ಗಿರಿಗದ್ದೆ, ಚಿಕ್ಕಮಗಳೂರು:
ಹಾಗಿದ್ದರೆ ತಳದ ನಡಿಗೆ ಕೈಬಿಟ್ಟೆವು, ಡಬ್ಲ್ಯೂ 6 ಮಾತ್ರ. ಹಳ್ಳಿಯ ಮೇಲೆ ಕಬ್ಬಿಣದ ಹಗ್ಗ ಹಿಡಿದು ಹತ್ತುವ ದಾರಿ ಇದೆಯಂತೆ. ಅಲ್ಲಿಂದಲೇ ಪ್ರಸ್ಥಭೂಮಿಗೆ ಏರಿ ಸುತ್ತು ಮುಗಿಸಬಹುದೇ?

ನಿಜ್ವಾದಲ್ಲಿ ಹಾಸನದವ:
ಬೇಡ ಸರ್. ಅದು ಬಂಡೆ ಹತ್ತುವವರಿಗೆ ಹಾಕಿದ ಉಕ್ಕಿನ ಹಗ್ಗ. ಸೊಂಟದ ಪಟ್ಟಿ, ಹೆಲ್ಮೆಟ್, ಬಿದ್ದರೆ ಎಳೆತ ತಗ್ಗಿಸುವ ಜೋಡಿ ಕೊಂಡಿ, ಜೊತೆಗೆ ಬಲ್ಲ ಮಾರ್ಗದರ್ಶಿ ಇಲ್ಲದೆ ಮುಟ್ಟಬಾರದು. ಬರಿಗೈಯಲ್ಲಿ ಹಗ್ಗ ಹಿಡಿದರೆ ಮೊದಲ ಕೆಲವು ಅಡಿ ಸುಲಭ ಅನ್ನಿಸುತ್ತದೆ, ಆಮೇಲೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

ಗೇರ್ ಎರಡು, ಹಾಸನ:
ಕಾರಿನ ವಿಷಯ. ಮಸ್ಕತ್‌ನಿಂದ ನಿಜ್ವಾ ಒಳ್ಳೆಯ ಹೆದ್ದಾರಿ, ಒಂದೂವರೆ ಗಂಟೆಗೂ ಸ್ವಲ್ಪ ಹೆಚ್ಚು. ನಿಜ್ವಾದಿಂದ ಮೇಲೆ ಮತ್ತೆ ಒಂದೂವರೆ ಗಂಟೆ. ಮೇಲಿನ ಭಾಗದಲ್ಲಿ ಜಲ್ಲಿಯ ಕಡಿದಾದ ರಸ್ತೆ, ಅದಕ್ಕೆ ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿಯೇ ಇರಲಿ. ಬಾಡಿಗೆ ಕರಾರಿನಲ್ಲಿ ಡಾಂಬರು ಬಿಟ್ಟ ರಸ್ತೆಗೆ ವಿಮೆ ಇದೆಯೇ ಎಂದು ಬರಹದಲ್ಲೇ ನೋಡಿ, ಟೈರು ಮತ್ತು ಗಾಜು ಬಹಳ ಕಡೆ ವಿಮೆಯ ಹೊರಗಿರುತ್ತವೆ. ಹೆಚ್ಚುವರಿ ಟೈರಿನ ಗಾಳಿ, ಜಾಕ್, ಪಾನಾ ಮೂರನ್ನೂ ಮಸ್ಕತ್‌ನಲ್ಲೇ ತೆಗೆದು ನೋಡಿ.

ಅಲ್ಲಿ ಬಲಗಡೆ ಓಡಿಸಬೇಕು. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಪಳಗಿದ ಕೈಗೂ ತಿರುವಿನಲ್ಲಿ ಹಳೇ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ಇಳಿಯುವಾಗ ಆಟೋಮ್ಯಾಟಿಕ್ ಗಾಡಿಯನ್ನು ಡಿ ನಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಬಂದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಕೈಯಿಂದ ಒಂದು ಅಥವಾ ಎರಡನೇ ಗೇರಿಗೆ ಇಳಿಸಿಕೊಳ್ಳಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ನಮ್ಮ ಆರ್‌ಟಿಒ ಮೂಲಕವೇ ಅರ್ಜಿ ಹಾಕಬಹುದು, ಒಂದು ವರ್ಷ ಸಿಂಧು. ಇನ್ನೂ ಮಾಡಿಸಿಲ್ಲದಿದ್ದರೆ ಈ ವಾರವೇ ಹಾಕಿ.

ಕೊಡುಬಳೆ, ಅರಸೀಕೆರೆ:
ಅಭ್ಯಾಸಕ್ಕೆ ಸರ್ಪದಾರಿಗಿಂತ ನಮ್ಮ ಅರಸೀಕೆರೆ ಕಡೆಯ ಮಾಲೇಕಲ್ಲು ತಿರುಪತಿ ಬೆಟ್ಟ ಒಳ್ಳೆಯದು. ಬಯಲುಸೀಮೆಯ ಬಿಸಿಲು, ಕಲ್ಲು ಮೆಟ್ಟಿಲು, ನೆರಳು ಕಡಿಮೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ನಾಲ್ಕು ಲೀಟರ್ ನೀರು ಸೇರಿ ಪೂರ್ತಿ ಚೀಲ ಹೊತ್ತು ಹತ್ತಿ ಇಳಿಯಿರಿ. ಮೊದಲು ಇಳಿದು ಆಮೇಲೆ ಹತ್ತುವ ರೂಢಿಯಾಗಬೇಕಾದರೆ ಮಾತ್ರ ಮುಳ್ಳಯ್ಯನಗಿರಿಯಲ್ಲಿ ಮೇಲಿನಿಂದ ಸರ್ಪದಾರಿ ಇಳಿದು, ಊಟ ಮಾಡಿ, ವಾಪಸ್ ಹತ್ತಿ. ಊಟವಾದ ಮೇಲಿನ ಏರು ಎಷ್ಟು ಭಾರ ಎಂಬುದು ಆಗಲೇ ತಿಳಿಯುವುದು. ಜನವರಿಯಿಂದ ನಮ್ಮ ಗುಡ್ಡಗಳಲ್ಲಿ ಕಾಡುಬೆಂಕಿಯ ಭಯ, ಅರಣ್ಯ ಇಲಾಖೆಯ ಅನುಮತಿ ನೋಡಿಕೊಂಡು ಡಿಸೆಂಬರ್ ಒಳಗೇ ಮುಗಿಸಿಕೊಳ್ಳಿ.

ತಿಂಡಿಗೆ ಅಕ್ಕಿರೊಟ್ಟಿ ಒಣಗಿ ಹಪ್ಪಳವಾಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಚಪಾತಿಗೆ ತುಪ್ಪ ಸವರಿ ಸುತ್ತಿಕೊಳ್ಳಿ. ಕೊಡುಬಳೆ, ಕಡಲೆ ಮಿಠಾಯಿ, ಅಲ್ಲೇ ಸಿಗುವ ಖರ್ಜೂರ ಚೆನ್ನ. ಖಾರದ ಚಟ್ನಿಪುಡಿ ಮಾತ್ರ ಕಡಿಮೆ, ನೀರು ಜಾಸ್ತಿ ಕೇಳುತ್ತದೆ. ಮೇಕೆಗಳು ಚೀಲಕ್ಕೇ ಬಾಯಿ ಹಾಕುತ್ತವೆ, ಜಿಪ್ ಹಾಕಿಡಿ.

ಗಸಗಸೆ ಇರುವ ಯಾವ ಮಸಾಲೆ, ಸಿಹಿಯನ್ನೂ ಒಯ್ಯಬೇಡಿ. ದುಬೈನಲ್ಲಿ ವಿಮಾನ ಬದಲಿಸುವವರಿಗಂತೂ ಅದು ನಿಷೇಧಿತ ವಸ್ತು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಮಾತ್ರೆ ಕೂಡ ಬೇಡ. ಬಿ.ಪಿ. ಮಾತ್ರೆಗೆ ವೈದ್ಯರ ಚೀಟಿ ಜೊತೆಗಿರಲಿ.

ಗಿರಿಗದ್ದೆ, ಚಿಕ್ಕಮಗಳೂರು:
ಎಲ್ಲ ಸೇರಿಸಿ ಹೀಗೆ ಬರೆದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಬೆಳಗ್ಗೆ 8ಕ್ಕೆ ನಿಜ್ವಾದಲ್ಲಿ ತಿಂಡಿ ಮುಗಿಸಿ ಹೊರಡುವುದು. 10ಕ್ಕೆ ನಡಿಗೆ ಶುರು. 12ಕ್ಕೆ ಹಳ್ಳಿ, 2ರವರೆಗೆ ಊಟ, ವಿಶ್ರಾಂತಿ. 4.30ಕ್ಕೆ ಕಾರು. ಅಲ್ಲೇ ಸೂರ್ಯಾಸ್ತ ನೋಡಿ ಇಳಿಯುವುದು.

ನಿಜ್ವಾದಲ್ಲಿ ಹಾಸನದವ:
ಎರಡು ಗಂಟೆ ಹಿಂದಕ್ಕೆ ತಳ್ಳಿ. ಜನವರಿಯಲ್ಲಿ ಅಲ್ಲಿ ಸೂರ್ಯ ಮುಳುಗುವುದು 5.40ರ ಸುಮಾರಿಗೆ, ಮುಸ್ಸಂಜೆ ನಮ್ಮೂರಿನ ಹಾಗೆಯೇ ಬೇಗ ಕತ್ತಲಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಒಬ್ಬರ ಕಾಲು ಉಳುಕಿದರೆ ಪ್ರಪಾತದಂಚಿನಲ್ಲಿ ಕತ್ತಲು, ಆಮೇಲೆ ಜಲ್ಲಿ ರಸ್ತೆಯಲ್ಲಿ ಕತ್ತಲು. 6ಕ್ಕೆ ತಿಂಡಿ ಕಟ್ಟಿಸಿಕೊಂಡು ಹೊರಡಿ, 8ಕ್ಕೆ ನಡಿಗೆ, 10ಕ್ಕೆ ಹಳ್ಳಿ, 11ಕ್ಕೆ ಹೊರಡಿ, ಒಂದೂವರೆಗೆ ಕಾರು. ಎಲ್ಲಿದ್ದರೂ ಸರಿ, 11ಕ್ಕೆ ತಿರುಗುವುದು ಖಡಾಖಂಡಿತ ಎಂದು ಹೊರಡುವ ಮೊದಲೇ ನಾಲ್ವರೂ ಒಪ್ಪಿಕೊಂಡಿರಿ. ಸೂರ್ಯಾಸ್ತ ಬೇಕಿದ್ದರೆ ಮೇಲೆಯೇ ರಾತ್ರಿ ಉಳಿದುಕೊಳ್ಳಿ, ವಸತಿ ಇದೆ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆ ಎರಡು ದಿನ ಬಿಟ್ಟರೆ ದಾರಿ ಖಾಲಿ.

ಹಣೆದೀಪ ಪ್ರತಿಯೊಬ್ಬರಿಗೂ ಒಂದು, ಹಗಲು ನಡಿಗೆಯಾದರೂ ಸರಿ. ನಕ್ಷೆ ಫೋನಿಗೆ ಇಳಿಸಿಕೊಂಡಿರಿ, ಗೋಡೆಯ ತಿರುವುಗಳಲ್ಲಿ ಸಿಗ್ನಲ್ ಹೋಗಿ ಬರುತ್ತದೆ. ತುರ್ತು ಸಂಖ್ಯೆ 9999. ಕರೆ ಮಾಡಿದಾಗ ಊರಿನ ಹೆಸರಿನ ಜೊತೆ ಅಕ್ಷಾಂಶ, ರೇಖಾಂಶ ಓದಿ ಹೇಳಿ.

ಉಪ್ಪುಸಕ್ಕರೆ, ಹಾಸನ:
ಸೀಟಿಯೂ ಇರಲಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ಕ್ರಮ, ಉತ್ತರವಾಗಿ ಮೂರು ಸಲ ಕೇಳಿಸುತ್ತದೆ. ಕ್ರೇಪ್ ಬ್ಯಾಂಡೇಜ್ 10 ಸೆಂ.ಮೀ. ಅಗಲದ್ದು ಎರಡು, ಮುಳ್ಳು ತೆಗೆಯಲು ಚಿಮಟ, ಹೊಳೆಯುವ ತೆಳು ತುರ್ತು ಹೊದಿಕೆ ಇಬ್ಬರಿಗೊಂದು. ಉಳುಕಿದ ಪಾದದ ಶೂ ಅಲ್ಲೇ ಬಿಚ್ಚಬೇಡಿ, ಊದಿಕೊಂಡು ಮತ್ತೆ ಹಾಕಲಾಗುವುದಿಲ್ಲ. ಶೂ ಮೇಲೆಯೇ ಬಿಗಿದು ಕಟ್ಟಿ. ಅಲ್ಲಿ ಗರಗಸ ಮಂಡಲದ ಹಾವು, ಚೇಳು ಇವೆ, ಚಳಿಯಲ್ಲಿ ಓಡಾಟ ಕಡಿಮೆ. ಆದರೂ ಕಲ್ಲಿನ ಸಂದಿಗೆ ಕಾಣದೆ ಕೈ ಹಾಕಬೇಡಿ.

ಕಾಡುಹಾದಿ, ಮೂಡಿಗೆರೆ:
ಯಾರೂ ಬರೆಯದ ಒಂದು ವಿಷಯ, ಶೌಚ. ನಮ್ಮ ಕಾಡಿನ ಹಸಿ ಮಣ್ಣಿನಲ್ಲಿ ಎಲ್ಲ ಬೇಗ ಕೊಳೆತು ಮಣ್ಣಾಗುತ್ತದೆ. ಅಲ್ಲಿ ಒಣ ಹವೆ, ಹೂಳಲು ಮಣ್ಣೂ ಇಲ್ಲ, ಹಾಕಿದ ಕಾಗದ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಕೂಡ. ನಿಜ್ವಾದಲ್ಲೇ ಮುಗಿಸಿ ಹೊರಡಿ. ದಾರಿಯಲ್ಲಿ ಅನಿವಾರ್ಯವಾದರೆ ಪಾತ್ರದಿಂದ, ಹೊಂಡದಿಂದ, ಹಳ್ಳಿಯ ಮನೆಗಳಿಂದ ದೂರ ಹೋಗಿ, ಕಾಗದವನ್ನು ಜಿಪ್ ಪೊಟ್ಟಣದಲ್ಲಿ ವಾಪಸ್ ತನ್ನಿ. ಒಬ್ಬರಿಗೆ ಎರಡು ಪೊಟ್ಟಣ ಲೆಕ್ಕ ಹಾಕಿ.

ಅಸ್ ಸಾಬ್ ಹಳ್ಳಿಯ ಗೋಡೆಗಳು ಬಂಡೆಯ ಚಾಚಿಗೆ ಅಂಟಿಸಿ ಕಟ್ಟಿದ ಒಣ ಕಲ್ಲಿನವು. ಅವುಗಳ ಮೇಲೆ ಕೂರಬೇಡಿ, ಹತ್ತಬೇಡಿ. ಊಟಕ್ಕೆ ಹಳೆಯ ಗದ್ದೆಯ ಮಟ್ಟಸ ಜಾಗ ಇದೆ. ಖಿತೈಮ್‌ನಲ್ಲಿ ಹೆಂಗಸರು ಮೇಕೆ ಉಣ್ಣೆಯ ಕೈಕೆಲಸ ಮಾರುತ್ತಾರೆ. ಫೋಟೊ ತೆಗೆಯುವ ಮೊದಲು ಕೇಳಿ, ಬೇಡ ಎಂದರೆ ಅಲ್ಲಿಗೆ ಬಿಡಿ. ಮಂಡಿ, ಭುಜ ಮುಚ್ಚುವ ಬಟ್ಟೆ ಇರಲಿ, ಬಿಸಿಲಿಗೂ ಅದೇ ಒಳ್ಳೆಯದು.

ಗಿರಿಗದ್ದೆ, ಚಿಕ್ಕಮಗಳೂರು:
6ಕ್ಕೆ ಹೊರಡುವುದು, 11ಕ್ಕೆ ತಿರುಗುವುದು ಎಂದು ಬದಲಿಸಿದೆ, ದಿನ ಮಂಗಳವಾರ. ಪರವಾನಗಿಗೆ ನಾಳೆಯೇ ಅರ್ಜಿ ಹಾಕುತ್ತೇವೆ. ಭಾನುವಾರ ಮಾಲೇಕಲ್ಲು ಬೆಟ್ಟಕ್ಕೆ ನೀರು ಹೊತ್ತು ಹೋಗುತ್ತಿದ್ದೇವೆ. ಅರಸೀಕೆರೆಯವರು ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸುವ ಜಾಗ ತಿಳಿಸಿ.

ಕೊಡುಬಳೆ, ಅರಸೀಕೆರೆ:
ಬೆಟ್ಟದ ಬುಡದಲ್ಲಿ ದೇವಸ್ಥಾನದ ಹತ್ತಿರವೇ ನಿಲ್ಲಿಸಬಹುದು. ಬೆಳಗ್ಗೆ ಪೂಜೆಯ ಜನ ಹೋದ ಮೇಲೆ, ಹತ್ತೂವರೆಗೆ ಬನ್ನಿ.